ಯಾವ ಕೈಗೆ ಕಟ್ಟಬೇಕು ಸ್ಮಾರ್ಟ್‌ವಾಚ್? ಎಡ-ಬಲದ ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಸ್ಮಾರ್ಟ್‌ವಾಚ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಇದರಲ್ಲೇ ಮಾತಾಡಬಹುದೇ, ನೀರು ಬಿದ್ದರೆ ಏನಾಗುತ್ತದೆ, ಕೊನೆಗೆ ಎಷ್ಟು ಕಡಿಮೆ ಮಾಡಿಕೊಡುತ್ತೀರಿ. ‘ಬಲಗೈಗೆ ಕಟ್ಟಿದರೆ ಇದು ಸರಿಯಾಗಿ ಕೆಲಸ ಮಾಡುತ್ತದೆಯೇ?’ ಎಂದು ಕೇಳುವವರು ಅಪರೂಪ. ಹಳೆಯ ವಾಚು ಸಮಯ ತೋರಿಸಿ ಸುಮ್ಮನಿರುತ್ತಿತ್ತು, ಯಾವ ಕೈಗೆ ಕಟ್ಟಿದರೂ ಅದಕ್ಕೇನೂ ಆಗುತ್ತಿರಲಿಲ್ಲ. ಈಗಿನದು ಹಾಗಲ್ಲ. ಚರ್ಮದ ಮೇಲೆ ಬೆಳಕು ಬಿಟ್ಟು ನಾಡಿ ಎಣಿಸುತ್ತದೆ, ತೋಳಿನ ಬೀಸು ನೋಡಿ ಹೆಜ್ಜೆ ಲೆಕ್ಕ ಹಾಕುತ್ತದೆ, ಕೆಲವು ಇಸಿಜಿಯನ್ನೂ ತೆಗೆಯುತ್ತವೆ. ತಾನು ಯಾವ ಕೈ ಮೇಲಿದ್ದೇನೆ ಎಂಬುದು ಅದಕ್ಕೆ ತಿಳಿದಿರಲೇಬೇಕು.

ಎಡ-ಬಲದ ವಿಚಾರದಲ್ಲಿ ಇರುವುದು ಮೂರು ಬೇರೆ ಬೇರೆ ಪ್ರಶ್ನೆಗಳು. ವಾಚು ಯಾವ ಮಣಿಕಟ್ಟಿನ ಮೇಲಿದೆ? ಪಕ್ಕದಲ್ಲಿ ತಿರುಗಿಸುವ ಕೀ, ಅಂದರೆ ಕಂಪನಿಗಳು ಕ್ರೌನ್ ಎನ್ನುವುದು, ಯಾವ ಕಡೆಗಿದೆ? ನಿಮ್ಮ ಯಾವ ಕೈ ಹೆಚ್ಚು ದುಡಿಯುತ್ತದೆ? ಈ ಮೂರನ್ನೂ ಒಂದೇ ಪ್ರಶ್ನೆ ಎಂದುಕೊಂಡದ್ದರಿಂದಲೇ ಮುಂದಿನ ಬಹುಪಾಲು ತಪ್ಪು ಕಲ್ಪನೆಗಳು ಹುಟ್ಟಿವೆ.

ತಪ್ಪು ಕಲ್ಪನೆ: ವಾಚನ್ನು ಎಡಗೈಗೇ ಕಟ್ಟಬೇಕೆಂಬುದು ನಿಯಮ.

ವಾಸ್ತವ: ಅದು ನಿಯಮವಲ್ಲ, ರೂಢಿ. ಆ ರೂಢಿಗೆ ಒಂದು ಕಾಲದಲ್ಲಿ ಒಳ್ಳೆಯ ಕಾರಣವೂ ಇತ್ತು. ಗಂಡಸರು ಜೇಬುಗಡಿಯಾರ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಕೈಗಡಿಯಾರವನ್ನು ಹೆಂಗಸರ ಆಭರಣವೆಂದೇ ಎಣಿಸುತ್ತಿದ್ದರು. ವಾಯುನೌಕೆ ಹಾರಿಸುತ್ತಿದ್ದ ಬ್ರೆಜಿಲಿನ ಆಲ್ಬರ್ಟೊ ಸಾಂಟೋಸ್-ಡ್ಯೂಮಾಂಟ್‌ಗಾಗಿ ಲೂಯಿ ಕಾರ್ಟಿಯೆ 1904ರಲ್ಲಿ ಕೈಗೆ ಕಟ್ಟುವ ಗಡಿಯಾರ ಮಾಡಿಕೊಟ್ಟರು. ಹಾರಾಟದ ನಡುವೆ ಜೇಬಿಗೆ ಕೈಹಾಕಿ ಸಮಯ ನೋಡಲು ಆಗುತ್ತಿರಲಿಲ್ಲ ಎಂಬುದೇ ಕಾರಣ. ಮುಂದೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರಿಗೂ ಅದೇ ತೊಂದರೆ ಎದುರಾಗಿ, ಕೈಗಡಿಯಾರ ಗಂಡಸರ ಕೈಗೂ ಬಂತು. ಆಗ ದಿನಕ್ಕೊಮ್ಮೆ ಕೀ ಕೊಡಬೇಕಿತ್ತು. ಹೆಚ್ಚು ಜನ ಬಲಗೈಯವರಾದ್ದರಿಂದ ಗಡಿಯಾರ ಎಡಗೈಗೆ ಹೋಯಿತು, ಕೀ ಬಲಗೈ ಬೆರಳಿಗೆ ಸಿಗುವಂತೆ ಮೂರು ಗಂಟೆಯ ಅಂಕಿಯ ಪಕ್ಕಕ್ಕೆ ಬಂತು.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾದಾಗಲೂ ಇದೇ ವಿನ್ಯಾಸ ಬಂತು. ಎಚ್‌ಎಂಟಿ ಜನತಾ ಕಟ್ಟಿದವರು ಬೆಳಗ್ಗೆ ಎದ್ದು ಬಲಗೈಯ ಹೆಬ್ಬೆರಳು ತೋರುಬೆರಳಿನಲ್ಲಿ ಕೀ ತಿರುಗಿಸುತ್ತಿದ್ದುದನ್ನು ನೋಡಿದವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಸ್ಮಾರ್ಟ್‌ವಾಚಿಗೆ ಕೀ ಕೊಡುವ ಕೆಲಸವೇ ಇಲ್ಲ. ಆದರೂ 2015ರಲ್ಲಿ ಬಂದ ಆ್ಯಪಲ್ ವಾಚಿನಲ್ಲಿ ಕ್ರೌನ್ ಇದ್ದದ್ದು ಬಲಪಕ್ಕದಲ್ಲೇ, ಸ್ಕ್ರೀನ್ ಮೇಲಿನ ಪಟ್ಟಿಯನ್ನು ಮೇಲೆ-ಕೆಳಗೆ ಸರಿಸುವ ಸಾಧನವಾಗಿ. ಕಾರಣ ಹೋದ ಮೇಲೂ ಅಭ್ಯಾಸ ಉಳಿದುಕೊಂಡಿತು. ಅಭ್ಯಾಸವನ್ನು ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ.

ತಪ್ಪು ಕಲ್ಪನೆ: ಎಡಗೈಯವರಾದರೆ ಬಲಗೈಗೆ ಕಟ್ಟಬೇಕು, ಅಲ್ಲಿಗೆ ಮುಗಿಯಿತು.

ವಾಸ್ತವ: ‘ಎಡಗೈಯವರು’ ಎಂಬುದು ಅಷ್ಟು ಸರಳವಾದ ಸಂಗತಿಯಲ್ಲ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟ್ ಹಿಡಿದದ್ದೂ ಚೆಂಡೆಸೆದದ್ದೂ ಬಲಗೈಯವರಂತೆ. ಅವರು ಎಡಗೈಯವರೋ ಬಲಗೈಯವರೋ? ಉತ್ತರ ನೀವು ಯಾವ ಕೆಲಸದ ಬಗ್ಗೆ ಕೇಳುತ್ತೀರಿ ಎಂಬುದರ ಮೇಲಿದೆ. ಯಾರದು ಯಾವ ಕೈ ಎಂದು ಅಳೆಯಲು ಸಂಶೋಧಕರು 1971ರಿಂದ ಬಳಸುತ್ತಿರುವ ಎಡಿನ್‌ಬರೋ ಪ್ರಶ್ನಾವಳಿ ಬರವಣಿಗೆಯೊಂದನ್ನೇ ಕೇಳುವುದಿಲ್ಲ. ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಶ್, ಚಾಕು, ಚಮಚ ಎಲ್ಲವೂ ಅದರಲ್ಲಿವೆ. ಪೊರಕೆ ಹಿಡಿದಾಗ ಮೇಲಿರುವ ಕೈ ಯಾವುದು, ಕಡ್ಡಿ ಗೀರುವ ಕೈ ಯಾವುದು, ಡಬ್ಬಿಯ ಮುಚ್ಚಳ ತೆಗೆಯುವ ಕೈ ಯಾವುದು ಎಂದೂ ಕೇಳುತ್ತದೆ. ಎಲ್ಲಕ್ಕೂ ‘ಎಡ’ ಎಂದೇ ಉತ್ತರಿಸುವವರಿದ್ದಾರೆ, ಅರ್ಧಕ್ಕರ್ಧ ಹೇಳುವವರೂ ಇದ್ದಾರೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಪದರವಿದೆ. ಎಡಗೈಯಲ್ಲಿ ಉಣ್ಣಬಾರದು, ಎಡಗೈಯಲ್ಲಿ ಕೊಡಬಾರದು, ತೀರ್ಥ-ಪ್ರಸಾದಕ್ಕೆ ಬಲಗೈಯನ್ನೇ ಚಾಚಬೇಕು ಎಂದು ಮಕ್ಕಳನ್ನು ತಿದ್ದುತ್ತೇವೆ. ಹಾಗಾಗಿ ಎಡಗೈಯಲ್ಲಿ ಬರೆಯುತ್ತ, ಎಡಗೈಯಲ್ಲಿ ತರಕಾರಿ ಹೆಚ್ಚುತ್ತ, ಊಟ ಮಾತ್ರ ಬಲಗೈಯಲ್ಲಿ ಮಾಡುವ ಕನ್ನಡಿಗರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರಿಗೆ ‘ಬಲಗೈಗೆ ಕಟ್ಟಿ’ ಎಂಬ ಸಲಹೆ ಅರ್ಧ ಮಾತ್ರ ಸರಿ. ಬರೆಯುವಾಗ ಬಲಗೈಯ ವಾಚು ಅಡ್ಡ ಬರುವುದಿಲ್ಲ ನಿಜ. ಆದರೆ ಅನ್ನ-ಸಾರು ಕಲಸುವ ಕೈಯೇ ಅದಾದರೆ, ದಿನಕ್ಕೆ ಮೂರು ಹೊತ್ತು ಬೆಲ್ಟಿನ ಸಂದಿಗೆ ಸಾರು, ಸೋಪಿನ ನೀರು ಇಳಿಯುತ್ತದೆ. ಕೈ ತೊಳೆಯುವಾಗ ವಾಚು ತೆಗೆದಿಟ್ಟು ಮರೆತು ಬರುವುದು ಇನ್ನೊಂದು ಸಂಕಟ. ನೀರು ತಡೆಯುವ ವಾಚು ಎಂದು ಬರೆದಿದ್ದರೂ ಆ ಪರೀಕ್ಷೆ ನಡೆದಿರುವುದು ಶುದ್ಧ ನೀರಿನಲ್ಲಿ, ಸೋಪಿನ ನೀರಿನಲ್ಲಲ್ಲ.

ಹೀಗಾಗಿ ನಾನು ಕೊಡುವ ಸಲಹೆ ಬೇರೆ. ಒಂದು ವಾರ ನಿಮ್ಮ ಕೆಲಸಗಳನ್ನು ಗಮನಿಸಿ. ಬರವಣಿಗೆ, ಅಡುಗೆ, ಊಟ, ಮೌಸ್, ಗಾಡಿ, ಮಗುವನ್ನು ಎತ್ತಿಕೊಳ್ಳುವುದು, ಇವುಗಳಲ್ಲಿ ಯಾವ ಕೈ ಬಿಡುವಾಗಿರುತ್ತದೋ ವಾಚಿಗೆ ಆ ಕೈ ಕೊಡಿ. ಎಡಗೈಯವರಾಗಿದ್ದೂ ಎಡಗೈಗೇ ಕಟ್ಟಿಕೊಂಡು ನೆಮ್ಮದಿಯಾಗಿರುವವರು ತಪ್ಪೇನೂ ಮಾಡುತ್ತಿಲ್ಲ.

ತಪ್ಪು ಕಲ್ಪನೆ: ಕ್ರೌನ್ ಎಡಪಕ್ಕಕ್ಕಿದ್ದರೆ ಅದು ಎಡಗೈಯವರ ವಾಚು.

ವಾಸ್ತವ: ಹ್ಯೂಯರ್ ಕಂಪನಿಯ ಮೊನಾಕೊ ಎಂಬ ಪ್ರಸಿದ್ಧ ಚೌಕ ವಾಚು 1969ರಲ್ಲಿ ಬಂತು. ಅದರ ಕ್ರೌನ್ ಎಡಕ್ಕಿತ್ತು. ಎಡಗೈಯವರ ಮೇಲಿನ ಕಾಳಜಿಯಿಂದಲ್ಲ, ಒಳಗಿದ್ದ ಹೊಸ ಸ್ವಯಂಚಾಲಿತ ಯಂತ್ರದ ಜೋಡಣೆಯೇ ಹಾಗಿತ್ತು. ಕೀ ಕೊಡಬೇಕಿಲ್ಲದ ವಾಚು ಎಂದು ಸಾರಲೂ ಅದು ಅನುಕೂಲವಾಯಿತು. ಇಟಲಿಯ ನೌಕಾದಳದ ಮುಳುಗುಗಾರರಿಗಾಗಿ ಪನೆರಾಯ್ ಮಾಡಿದ ಎಡ ಕ್ರೌನಿನ ವಾಚುಗಳ ಕಥೆಯೂ ಬೇರೆ. ಅವರ ಎಡಗೈಯಲ್ಲಿ ದಿಕ್ಸೂಚಿ, ಆಳಮಾಪಕ ಇರುತ್ತಿದ್ದವು, ವಾಚಿಗೆ ಉಳಿದದ್ದು ಬಲಗೈ. ಟ್ಯೂಡರ್ 2016ರಲ್ಲಿ, ರೋಲೆಕ್ಸ್ 2022ರಲ್ಲಿ ಎಡ ಕ್ರೌನಿನ ಮಾದರಿಗಳನ್ನು ತಂದಾಗ ಅವನ್ನು ಎಡಗೈಯವರ ವಾಚೆಂದು ಸುದ್ದಿ ಮಾಡಿದರು. ಕೊಂಡವರಲ್ಲಿ ಬಲಗೈಯವರೂ ಇದ್ದಾರೆ.

ಇದರ ಹಿಂದಿನ ಲೆಕ್ಕಾಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಬಲಪಕ್ಕದಲ್ಲಿ ಕ್ರೌನ್ ಇರುವ ವಾಚನ್ನು ಎಡ ಮಣಿಕಟ್ಟಿಗೆ ಕಟ್ಟಿ ಸಮಯ ನೋಡುವಂತೆ ಕೈ ಹಿಡಿಯಿರಿ. ಕ್ರೌನ್ ನಿಮ್ಮ ಹಸ್ತದ ಕಡೆಗೆ ಮುಖಮಾಡಿರುತ್ತದೆ. ಬಲಗೈಯ ಬೆರಳಿಗೆ ಸುಲಭವಾಗಿ ಸಿಗುತ್ತದೆ, ಸ್ಕ್ರೀನ್ ಮುಚ್ಚುವುದಿಲ್ಲ. ಆದರೆ ಹಸ್ತವನ್ನು ಹಿಂದಕ್ಕೆ ಬಾಗಿಸಿದಾಗ, ದಂಡ ಹೊಡೆಯುವಾಗಲೋ ಸೈಕಲ್ ಹ್ಯಾಂಡಲ್ ಮೇಲೆ ಭಾರ ಹಾಕುವಾಗಲೋ, ಹಸ್ತದ ಬೆನ್ನು ಕ್ರೌನನ್ನು ಒತ್ತಿಬಿಡುತ್ತದೆ. ಅದೇ ವಾಚನ್ನು ಹಾಗೆಯೇ ಬಲ ಮಣಿಕಟ್ಟಿಗೆ ಕಟ್ಟಿ ನೋಡಿ. ಕ್ರೌನ್ ಈಗ ಮೊಣಕೈ ಕಡೆಗೆ ತಿರುಗುತ್ತದೆ. ತಾನಾಗಿ ಒತ್ತಿಕೊಳ್ಳುವ ತೊಂದರೆ ತಪ್ಪುತ್ತದೆ, ಆದರೆ ಎಡಗೈ ಬೆರಳು ಸ್ಕ್ರೀನ್ ಮೇಲೆ ಹಾದುಹೋಗಿಯೇ ಅದನ್ನು ಮುಟ್ಟಬೇಕು. ತಿರುಗಿಸುತ್ತಿರುವಾಗ ಏನು ತಿರುಗಿತೆಂದು ಕಾಣುವುದಿಲ್ಲ.

ಹಾಗಾದರೆ ಕ್ರೌನ್ ಹಸ್ತದ ಕಡೆ ಇರಬೇಕೋ ಮೊಣಕೈ ಕಡೆ ಇರಬೇಕೋ ಎಂಬುದೇ ಆಯ್ಕೆ. ಮೊದಲನೆಯದರಲ್ಲಿ ಎಟುಕುವುದು ಸುಲಭ, ಎರಡನೆಯದರಲ್ಲಿ ಆಕಸ್ಮಿಕ ಒತ್ತು ಇಲ್ಲ. ಎಡಗೈ, ಬಲಗೈ ಎಂಬ ಹಣೆಪಟ್ಟಿಗಿಂತ ನಿಮ್ಮ ದಿನದಲ್ಲಿ ಈ ಎರಡರಲ್ಲಿ ಯಾವುದು ಹೆಚ್ಚು ಬೇಕು ಎಂಬುದು ಮುಖ್ಯ.

ತಪ್ಪು ಕಲ್ಪನೆ: ಸೆಟ್ಟಿಂಗ್‌ನಲ್ಲಿ ಸ್ಕ್ರೀನ್ ತಿರುಗಿಸಿದರೆ ಎಲ್ಲ ಸರಿಹೋಗುತ್ತದೆ.

ವಾಸ್ತವ: ಅರ್ಧ ಸರಿಹೋಗುತ್ತದೆ. ಆ್ಯಪಲ್ ವಾಚಿನಲ್ಲಿ ಮಣಿಕಟ್ಟು ಎಡವೋ ಬಲವೋ, ಕ್ರೌನ್ ಎಡಕ್ಕೋ ಬಲಕ್ಕೋ ಎಂದು ಎರಡನ್ನೂ ಬೇರೆ ಬೇರೆಯಾಗಿ ಆರಿಸಬಹುದು. ಕ್ರೌನ್ ಎಡಕ್ಕೆ ಎಂದು ಹೇಳಿದರೆ ಸ್ಕ್ರೀನ್ ತಲೆಕೆಳಗಾಗುತ್ತದೆ, ನೀವು ವಾಚನ್ನೇ ತಿರುಗಿಸಿ ಕಟ್ಟಿಕೊಳ್ಳುತ್ತೀರಿ. ಒಳ್ಳೆಯ ಯೋಚನೆ. ಈ ಎರಡು ಪ್ರಶ್ನೆಗಳು ಬೇರೆ ಎಂದು ವಿನ್ಯಾಸಕಾರರು ಅರಿತದ್ದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ. ಆದರೆ ಡಬ್ಬಿ ತಿರುಗಿದಾಗ ಅದರಲ್ಲಿರುವುದೆಲ್ಲ ತಿರುಗುತ್ತದೆ. ಮೇಲುಭಾಗದಲ್ಲಿದ್ದ ಕ್ರೌನ್ ಈಗ ಕೆಳಭಾಗಕ್ಕೆ ಬರುತ್ತದೆ, ಅದರ ಕೆಳಗಿದ್ದ ಬಟನ್ ಮೇಲೆ ಹೋಗುತ್ತದೆ, ಸ್ಪೀಕರ್ ಮತ್ತೊಂದು ಪಕ್ಕಕ್ಕೆ ಸರಿಯುತ್ತದೆ. ಬಲಗೈಯವರಿಗೆ ಸಿಕ್ಕ ವಾಚಿನ ಕನ್ನಡಿ ಪ್ರತಿಬಿಂಬ ಎಡಗೈಯವರಿಗೆ ಸಿಗುವುದಿಲ್ಲ, ತಲೆಕೆಳಗಾದ ವಾಚು ಸಿಗುತ್ತದೆ.

ಬೆಲ್ಟಿನ ವಿಷಯ ಹೆಚ್ಚಿನವರು ಗಮನಿಸುವುದೇ ಇಲ್ಲ. ಬಕಲ್ ಇರುವ ಸಾಮಾನ್ಯ ಬೆಲ್ಟಿನಲ್ಲಿ ಬಕಲ್ ಇರುವ ಗಿಡ್ಡ ತುಂಡು ಹನ್ನೆರಡು ಗಂಟೆಯ ಕಡೆ, ತೂತುಗಳಿರುವ ಉದ್ದ ತುಂಡು ಆರು ಗಂಟೆಯ ಕಡೆ ಇರುತ್ತದೆ. ಯಾವ ಕೈಗೆ ಕಟ್ಟಿದರೂ ಆರು ಗಂಟೆಯ ಕಡೆ ಹೆಬ್ಬೆರಳಿನ ಪಕ್ಕಕ್ಕೇ ಬರುತ್ತದೆ. ಆದ್ದರಿಂದ ವಾಚನ್ನು ತಿರುಗಿಸದೆ ಇನ್ನೊಂದು ಕೈಗೆ ಕಟ್ಟಿದರೆ ಬೆಲ್ಟಿಗೆ ಏನೂ ಮಾಡಬೇಕಿಲ್ಲ. ತಲೆಕೆಳಗು ಮಾಡಿ ಕಟ್ಟಿದರೆ ಮಾತ್ರ ತುಂಡುಗಳು ಅದಲುಬದಲಾಗಿ, ಬಿಗಿಯುವಾಗ ಕೈ ತಡವರಿಸುತ್ತದೆ. ಎರಡೂ ತುಂಡು ಬಿಚ್ಚಿ ಜಾಗ ಬದಲಿಸಿದರೆ ಮುಗಿಯಿತು. ಬೆರಳಲ್ಲೇ ಬಿಚ್ಚುವ ಪಿನ್ನು ಅಥವಾ ಒತ್ತುಗುಂಡಿ ಈಗ ಬಹಳ ವಾಚುಗಳಲ್ಲಿ ಇರುವುದರಿಂದ ಅಂಗಡಿಗೆ ಹೋಗಬೇಕಾಗಿಯೂ ಇಲ್ಲ. ಒಂದೇ ಕೈಯಲ್ಲಿ ಬಕಲ್ ಹಾಕುವುದು ಕಷ್ಟವೆನಿಸುವವರಿಗೆ ಎಳೆದು ಅಂಟಿಸುವ ಬಟ್ಟೆಯ ಬೆಲ್ಟು ವಾಸಿ.

ಎಲ್ಲ ವಾಚಿನ ಸ್ಕ್ರೀನೂ ತಿರುಗುವುದಿಲ್ಲ ಎಂಬುದೂ ನೆನಪಿರಲಿ. ಗಾರ್ಮಿನ್‌ನ ಫೀನಿಕ್ಸ್ ಸಾಲಿನ ವಾಚುಗಳಲ್ಲಿ ಎಡಕ್ಕೆ ಮೂರು, ಬಲಕ್ಕೆ ಎರಡು ಬಟನ್. ಓಟ ಶುರು-ನಿಲುಗಡೆಯ ಬಟನ್ ಬಲ ಮೇಲ್ತುದಿಯಲ್ಲೇ. ಅಲ್ಲಿ ಕೈ ಯಾವುದೆಂದು ಹೇಳಬಹುದು, ಬಟನ್ ಸರಿಸಲಾಗದು. ಇನ್ನೊಂದು ದಾರಿ ಹಿಡಿದದ್ದು ಸ್ಯಾಮ್‌ಸಂಗ್. 2015ರ ಗಿಯರ್ ಎಸ್2 ವಾಚಿನಲ್ಲಿ ಸ್ಕ್ರೀನ್ ಸುತ್ತಲಿನ ಉಂಗುರವೇ ತಿರುಗುತ್ತಿತ್ತು. ವೃತ್ತಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಯಾವ ಕೈಯಿಂದಲಾದರೂ, ಯಾವ ಕಡೆಯಿಂದಲಾದರೂ ತಿರುಗಿಸಬಹುದು. ಎರಡೂ ಕೈಯವರನ್ನು ಸಮನಾಗಿ ಕಂಡ ವಿನ್ಯಾಸ ಯಾವುದು ಎಂದರೆ ನಾನು ಮೊದಲು ಹೇಳುವುದು ಇದನ್ನೇ.

2023ರಲ್ಲಿ ಆ್ಯಪಲ್ ಸೀರೀಸ್ 9 ತಂದ ಸನ್ನೆ ಇನ್ನೂ ಒಂದು ಹೆಜ್ಜೆ ಮುಂದೆ. ವಾಚು ಕಟ್ಟಿದ ಕೈಯದೇ ಹೆಬ್ಬೆರಳು, ತೋರುಬೆರಳನ್ನು ಎರಡು ಸಲ ತಾಗಿಸಿದರೆ ಕರೆ ಸ್ವೀಕರಿಸಬಹುದು, ಅಲಾರಾಂ ಮುಂದೂಡಬಹುದು. ಇನ್ನೊಂದು ಕೈ ಬೇಕಾಗುವುದಿಲ್ಲ. ಒಂದು ಕೈಯಷ್ಟೇ ಇರುವವರಿಗೆ, ಒಂದು ಕೈ ಕಸುವು ಕಳೆದುಕೊಂಡವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಎಡಗೈ ಹೃದಯಕ್ಕೆ ಹತ್ತಿರ, ಅಲ್ಲಿ ನಾಡಿ ಹೆಚ್ಚು ನಿಖರವಾಗಿ ಸಿಗುತ್ತದೆ.

ವಾಸ್ತವ: ಹೃದಯ ಒಂದು ಸಲ ಬಡಿದರೆ ಎರಡೂ ಮಣಿಕಟ್ಟಿಗೆ ಅದೇ ಒಂದು ಬಡಿತ ತಲುಪುತ್ತದೆ. ನಿಮಿಷಕ್ಕೆ 72 ಎಂದರೆ ಎರಡೂ ಕಡೆ 72. ವಾಚಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿದಾಗ ಹಿಂದಿರುಗುವ ಬೆಳಕು ತುಸು ಕಡಿಮೆಯಾಗುತ್ತದೆ, ಆ ಏರಿಳಿತವನ್ನೇ ವಾಚು ಎಣಿಸುವುದು. ಲೆಕ್ಕ ಕೆಡಿಸುವುದು ಹೃದಯದಿಂದ ಇರುವ ದೂರವಲ್ಲ, ಕೈಯ ಅಲುಗಾಟ ಮತ್ತು ವಾಚು-ಚರ್ಮದ ನಡುವಿನ ಸಂದು. ಬ್ಯಾಡ್ಮಿಂಟನ್ ಆಡುವಾಗ ರ‍್ಯಾಕೆಟ್ ಹಿಡಿದ ಕೈಗಿಂತ ಇನ್ನೊಂದು ಕೈಯಲ್ಲಿ ನಾಡಿಯ ಲೆಕ್ಕ ಚೆನ್ನಾಗಿ ಸಿಗುವುದು ಇದಕ್ಕೇ. ಮಣಿಕಟ್ಟಿನ ಮೇಲೆ ದಟ್ಟವಾದ ಹಚ್ಚೆ ಇದ್ದರೆ ಅದರ ಬಣ್ಣ ಬೆಳಕನ್ನು ತಡೆಯುತ್ತದೆ, ಆಗ ಹಚ್ಚೆಯಿಲ್ಲದ ಕೈಗೆ ಕಟ್ಟಿ. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ವಾಚಿನ ಅಡಿ ಸಿಕ್ಕಿಕೊಂಡರೂ ಸಂದು ಬಿದ್ದು ಹೊರಗಿನ ಬೆಳಕು ಒಳನುಗ್ಗುತ್ತದೆ. ದಾರವನ್ನು ಮೊಣಕೈ ಕಡೆಗೆ ಸರಿಸಿದರೆ ಸಾಕು.

ತಪ್ಪು ಕಲ್ಪನೆ: ಯಾವ ಕೈ ಎಂದು ವಾಚಿಗೆ ಹೇಳದಿದ್ದರೂ ಏನೂ ಆಗುವುದಿಲ್ಲ.

ವಾಸ್ತವ: ಆಗುತ್ತದೆ, ಕೆಲವೊಮ್ಮೆ ಗಂಭೀರವಾಗಿಯೇ.

ಮೊದಲು ಸಣ್ಣದು. ಕೈ ಎತ್ತಿದೊಡನೆ ಸ್ಕ್ರೀನ್ ಬೆಳಗುವುದು ಒಳಗಿನ ಚಲನೆಯ ಸಂವೇದಕದಿಂದ. ಎಡಗೈ ಎತ್ತಿ ತಿರುಗಿಸುವ ದಿಕ್ಕು ಬೇರೆ, ಬಲಗೈಯದು ಅದಕ್ಕೆ ವಿರುದ್ಧ. ಸೆಟ್ಟಿಂಗ್‌ನಲ್ಲಿ ಎಡ ಎಂದಿದ್ದು ವಾಚು ಬಲಗೈಯಲ್ಲಿದ್ದರೆ ಬೇಕಾದಾಗ ಬೆಳಗದೆ, ಬೇಡದಾಗ ಬೆಳಗಿ ಬ್ಯಾಟರಿ ತಿನ್ನಬಹುದು. ‘ನನ್ನ ವಾಚು ಕೈ ಎತ್ತಿದರೂ ಏಳುವುದಿಲ್ಲ’ ಎಂದು ದೂರುವವರು ರಿಪೇರಿಗೆ ಕೊಡುವ ಮೊದಲು ನೋಡಬೇಕಾದದ್ದು ಈ ಒಂದು ಸೆಟ್ಟಿಂಗ್.

ಎರಡನೆಯದು ಹೆಜ್ಜೆಯ ಲೆಕ್ಕ. ವಾಚು ನಿಮ್ಮ ಕಾಲನ್ನು ನೋಡುವುದಿಲ್ಲ, ತೋಳಿನ ತಾಳವನ್ನು ನೋಡುತ್ತದೆ. ಜೋಳದ ರೊಟ್ಟಿ ಬಡಿಯುವ ಕೈ, ಕಸ ಗುಡಿಸುವ ಕೈ, ತಬಲಾ ನುಡಿಸುವ ಕೈ ಕೂತಲ್ಲೇ ಹೆಜ್ಜೆ ಹಾಕಿದಂತೆ ತೋರಬಹುದು. ಇದಕ್ಕಾಗಿಯೇ ಫಿಟ್‌ಬಿಟ್ ಸಾಧನಗಳಲ್ಲಿ, ಕಟ್ಟಿರುವುದು ದುಡಿಯುವ ಕೈಗೋ ಇನ್ನೊಂದು ಕೈಗೋ ಎಂದು ಕೇಳುವ ಸೆಟ್ಟಿಂಗ್ ಇದೆ. ದುಡಿಯುವ ಕೈ ಎಂದರೆ ಹೆಜ್ಜೆ ಎಣಿಸುವ ಸೂಕ್ಷ್ಮತೆಯನ್ನು ತುಸು ತಗ್ಗಿಸುತ್ತದೆ, ಸುಮ್ಮಸುಮ್ಮನೆ ಹೆಜ್ಜೆ ಕೂಡದಂತೆ. ಇಲ್ಲಿ ಪ್ರಶ್ನೆ ಎಡವೋ ಬಲವೋ ಎಂದಲ್ಲ, ದುಡಿಯುವುದೋ ಅಲ್ಲವೋ ಎಂದು. ಮೂರು ಪ್ರಶ್ನೆಗಳು ಬೇರೆ ಎಂದು ಮೊದಲೇ ಹೇಳಿದ್ದು ಇದಕ್ಕೇ. ಇನ್ನೊಂದು ತುದಿಯಲ್ಲಿ, ಮಗುವಿನ ಗಾಡಿ ತಳ್ಳುತ್ತ ಅಥವಾ ಕೈಯಲ್ಲಿ ತುಂಬಿದ ಚೀಲ ಹಿಡಿದು ನಡೆದರೆ ತೋಳು ಬೀಸುವುದಿಲ್ಲ, ನಡೆದ ಹೆಜ್ಜೆಯೂ ಲೆಕ್ಕಕ್ಕೆ ಬರದೆ ಹೋಗಬಹುದು. ಪಾರ್ಶ್ವವಾಯುವಿನಿಂದ ಒಂದು ತೋಳು ಬೀಸದವರಿಗೂ ಇದೇ ಸಮಸ್ಯೆ. ಅವರು ಬೀಸುವ ಕೈಗೆ ಕಟ್ಟಿಕೊಳ್ಳುವುದು ಒಳ್ಳೆಯದು.

ಮೂರನೆಯದು ಇಸಿಜಿ, ಇದನ್ನು ವಿವರವಾಗಿ ಹೇಳಬೇಕು. ಇಸಿಜಿಯ ಜನಕ ಹಾಲೆಂಡಿನ ವಿಲ್ಲೆಂ ಐಂಥೋವನ್, 1924ರಲ್ಲಿ ನೊಬೆಲ್ ಪಡೆದವರು. ಅವರ ಮೊದಲ ಯಂತ್ರಗಳಲ್ಲಿ ರೋಗಿ ಎರಡೂ ಕೈಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಎಡಗೈ ಮತ್ತು ಬಲಗೈ ನಡುವಿನ ವಿದ್ಯುತ್ ವ್ಯತ್ಯಾಸವನ್ನು ಅಳೆಯುವ ಆ ರೇಖೆಗೆ ಇಂದಿಗೂ ಮೊದಲನೆಯ ಲೀಡ್ ಎಂದೇ ಹೆಸರು. 2018ರಲ್ಲಿ ಆ್ಯಪಲ್ ಸೀರೀಸ್ 4 ಮಾಡಿದ್ದು ಅದನ್ನೇ, ಪಾತ್ರೆಯಿಲ್ಲದೆ. ವಾಚಿನ ಬೆನ್ನು ಒಂದು ಕೈಯನ್ನು ಮುಟ್ಟಿರುತ್ತದೆ, ಇನ್ನೊಂದು ಕೈಯ ಬೆರಳನ್ನು ಕ್ರೌನ್ ಮೇಲಿಟ್ಟರೆ ಹೃದಯದ ಮೂಲಕ ಮಂಡಲ ಪೂರ್ಣವಾಗುತ್ತದೆ.

ಈ ಲೀಡಿನಲ್ಲಿ ಎಡಗೈ ಧನ, ಬಲಗೈ ಋಣ. ವಾಚು ಬಲ ಮಣಿಕಟ್ಟಿನಲ್ಲಿದ್ದು, ಸೆಟ್ಟಿಂಗ್ ಮಾತ್ರ ಎಡ ಎಂದೇ ಉಳಿದಿದ್ದರೆ ಧನ-ಋಣ ಅದಲುಬದಲಾಗಿ ರೇಖೆ ತಲೆಕೆಳಗಾಗಿ ಬೀಳುತ್ತದೆ. ಮೇಲಕ್ಕೆ ಏಳಬೇಕಾದ ಅಲೆಗಳು ಕೆಳಕ್ಕೆ ಇಳಿಯುತ್ತವೆ. ಆಸ್ಪತ್ರೆಯ ಇಸಿಜಿಯಲ್ಲೂ ಎಡ-ಬಲದ ವೈರುಗಳು ಅದಲುಬದಲಾದರೆ ಹೀಗೆಯೇ ಆಗುವುದರಿಂದ ವೈದ್ಯರಿಗೆ ಇದು ಪರಿಚಿತ ತಪ್ಪು. ಬಡಿತದಿಂದ ಬಡಿತಕ್ಕೆ ಇರುವ ಅಂತರ ಇದರಿಂದ ಬದಲಾಗುವುದಿಲ್ಲ. ಆದರೆ ಆ ಚಿತ್ರವನ್ನು ಫೋನಿನಲ್ಲಿ ವೈದ್ಯರಿಗೆ ಕಳುಹಿಸಿದಿರಿ ಎನ್ನಿ, ವಾಚು ತಪ್ಪು ಕೈಯ ಲೆಕ್ಕದಲ್ಲಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ರೇಖೆಯ ಆಕಾರ ನೋಡಿ ಅನುಮಾನ, ಅನುಮಾನದಿಂದ ಇನ್ನಷ್ಟು ಪರೀಕ್ಷೆ, ಮನೆಯವರಿಗೆಲ್ಲ ಆತಂಕ. ಅಪ್ಪ-ಅಮ್ಮನಿಗೆ ವಾಚು ಕೊಡಿಸುವ ಮಕ್ಕಳಲ್ಲಿ ನನ್ನ ಕಳಕಳಿಯ ಕೋರಿಕೆ ಇದು: ಸೆಟ್ಟಿಂಗ್ ಮುಗಿಸಿ ಹೊರಡುವ ಮುನ್ನ ಅವರು ದಿನವೂ ಯಾವ ಕೈಗೆ ಕಟ್ಟುತ್ತಾರೆ ಎಂದು ಕೇಳಿ, ಅದನ್ನೇ ನಮೂದಿಸಿ. ನಿಮ್ಮ ಅಂದಾಜು ಬೇಡ.

ತಪ್ಪು ಕಲ್ಪನೆ: ಬಿಗಿಯಾಗಿ ಕಟ್ಟಿದಷ್ಟೂ ಒಳ್ಳೆಯದು.

ವಾಸ್ತವ: ಸಡಿಲವಾದರೆ ಬೆಳಕು ಸೋರುತ್ತದೆ, ಬಿಗಿಯಾದರೆ ಚರ್ಮದಡಿಯ ರಕ್ತ ಸಂಚಾರವೇ ಒತ್ತಿಹೋಗುತ್ತದೆ. ಎರಡರಲ್ಲೂ ಲೆಕ್ಕ ಕೆಡುತ್ತದೆ. ವಾಚು ತಾನಾಗಿ ಜಾರಬಾರದು, ತೆಗೆದಾಗ ಆಳವಾದ ಗುರುತು ಉಳಿಯಬಾರದು. ಮಣಿಕಟ್ಟಿನ ಗೆಣ್ಣಿನಿಂದ ಒಂದು ಬೆರಳಿನಷ್ಟು ಮೇಲೆ ಇರಲಿ. ವ್ಯಾಯಾಮದ ಹೊತ್ತಿನಲ್ಲಿ ಎರಡು ಮೂರು ಬೆರಳು ಮೇಲೆ ಸರಿಸಿ ತುಸು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ. ಮೇಲೆ ಸರಿಸಿದರೆ ಕ್ರೌನ್ ಹಸ್ತದ ಬೆನ್ನಿಗೆ ಚುಚ್ಚುವುದೂ ತಪ್ಪುತ್ತದೆ.

ಚರ್ಮ ಕೆಂಪಾಗಿ ನವೆ ಬಂದರೆ ಎಲ್ಲರೂ ಬೆಲ್ಟಿನ ರಬ್ಬರನ್ನೇ ದೂರುತ್ತಾರೆ. ಹಲವು ಬಾರಿ ಕಾರಣ ಬೆಲ್ಟಿನಡಿ ಉಳಿದ ಬೆವರು ಮತ್ತು ಸೋಪು. ಮಂಗಳೂರು, ಕಾರವಾರದ ಸೆಕೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕೆಲವರಿಗೆ ಉಕ್ಕಿನಲ್ಲಿರುವ ನಿಕಲ್ ಅಥವಾ ಅಂಟಿನಲ್ಲಿರುವ ರಾಸಾಯನಿಕ ಒಗ್ಗುವುದಿಲ್ಲ. 2014ರಲ್ಲಿ ಫಿಟ್‌ಬಿಟ್ ತನ್ನ ಫೋರ್ಸ್ ಎಂಬ ಪಟ್ಟಿಯನ್ನು ಮಾರುಕಟ್ಟೆಯಿಂದಲೇ ಹಿಂದಕ್ಕೆ ಪಡೆದದ್ದು ಚರ್ಮದ ತೊಂದರೆಯ ದೂರುಗಳಿಂದ. ದಿನಕ್ಕೊಮ್ಮೆ ವಾಚು ತೆಗೆದು, ಬೆಲ್ಟನ್ನು ಸಾದಾ ನೀರಲ್ಲಿ ತೊಳೆದು ಒರೆಸಿ, ಮಣಿಕಟ್ಟಿಗೂ ಸ್ವಲ್ಪ ಗಾಳಿ ಕೊಡಿ. ರಾತ್ರಿ ನಿದ್ದೆಯ ಲೆಕ್ಕ ಬೇಕೆನ್ನುವವರು ಆಗ ಇನ್ನೊಂದು ಕೈಗೆ ಕಟ್ಟಬಹುದು, ಸೆಟ್ಟಿಂಗ್ ಬದಲಿಸಿಕೊಂಡು. ಸಂಜೆ ನವೆ ಶುರುವಾದ ಮೇಲೂ ಅದೇ ಜಾಗಕ್ಕೆ ಕಟ್ಟುತ್ತ ಹೋಗುವುದು ಮಾತ್ರ ಬೇಡ, ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ತಪ್ಪು ಕಲ್ಪನೆ: ಬಲಗೈಯವರಿಗೆ ಈ ಚರ್ಚೆಯೇ ಬೇಕಿಲ್ಲ.

ವಾಸ್ತವ: ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ರಕ್ತನಾಳಗಳನ್ನು ಜೋಡಿಸಿ ತೋಳಿನಲ್ಲಿ ಫಿಸ್ಟುಲಾ ಮಾಡುತ್ತಾರೆ. ಸಾಮಾನ್ಯವಾಗಿ ದುಡಿಯದ ಕೈಯಲ್ಲಿ, ಅಂದರೆ ಬಲಗೈಯವರಿಗೆ ಎಡಗೈಯಲ್ಲಿ. ಆ ಕೈಗೆ ವಾಚು, ಬಿಗಿ ಬಳೆ, ಬಿಗಿ ತೋಳಿನ ಅಂಗಿ ಯಾವುದೂ ಕೂಡದು, ಬಿ.ಪಿ. ಕೂಡ ಅಲ್ಲಿ ನೋಡಬಾರದು. ಅಂಥವರು ಬಲಗೈಯವರಾಗಿದ್ದೂ ಬಲಗೈಗೇ ವಾಚು ಕಟ್ಟಬೇಕು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರಿಗೂ ಆ ಪಕ್ಕದ ಕೈಗೆ ಬಿಗಿಯಾದದ್ದೇನೂ ಬೇಡ ಎಂದು ವೈದ್ಯರು ಹೇಳುವುದುಂಟು, ಕೈ ಊದಿಕೊಳ್ಳುವ ಅಪಾಯವಿರುವುದರಿಂದ. ಇವರೆಲ್ಲರಿಗೂ ಎಡಗೈಯವರಿಗೆಂದು ಮಾಡಿದ ಸೆಟ್ಟಿಂಗ್ ಅನಿವಾರ್ಯ ಅಗತ್ಯ.

ಆರೋಗ್ಯವಂತ ಬಲಗೈಯವರಲ್ಲೂ ಕ್ರೌನನ್ನು ಮೊಣಕೈ ಕಡೆಗೆ ತಿರುಗಿಸಿಕೊಂಡವರಿದ್ದಾರೆ. ಜಿಮ್‌ನಲ್ಲಿ, ಬೈಕಿನ ಮೇಲೆ ಹಸ್ತ ಬಾಗಿ ಪಕ್ಕದ ಬಟನ್ ಒತ್ತಿಕೊಂಡೇ ಇದ್ದರೆ ಕೆಲವು ವಾಚುಗಳು ತುರ್ತು ಕರೆಗೆ ಸಿದ್ಧವಾಗಿಬಿಡುತ್ತವೆ. ಬೇಡದ ಕರೆ 112ಕ್ಕೆ ಹೋಗುವುದೆಂದರೆ ನಿಜವಾಗಿ ಬೇಕಾದವರ ಸಾಲಿನಲ್ಲಿ ಅಡ್ಡ ನಿಂತಂತೆ. ಇನ್ನು ಬಳೆ ತೊಡುವ ಕೈಗೆ ವಾಚು ಕಟ್ಟಿದರೆ ಬಳೆ ಬಡಿದು ಸ್ಕ್ರೀನ್ ಗೀರುತ್ತದೆ, ಗಾಜಿನ ಬಳೆಯಾದರೆ ಬಳೆಯೇ ಒಡೆಯುತ್ತದೆ. ಒಂದು ಕೈಗೆ ಬಳೆ, ಇನ್ನೊಂದಕ್ಕೆ ವಾಚು ಎಂದು ನಮ್ಮ ಹೆಂಗಸರು ಬಹಳ ಹಿಂದೆಯೇ ಕಂಡುಕೊಂಡ ದಾರಿ ಇಲ್ಲಿಯೂ ಸರಿಯೇ.

ತಪ್ಪು ಕಲ್ಪನೆ: ಎಡಗೈಯವರು ಬೆರಳೆಣಿಕೆಯಷ್ಟು, ಅವರಿಗಾಗಿ ಬದಲಾಯಿಸುವುದು ದುಬಾರಿ.

ವಾಸ್ತವ: 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಎಡಗೈಯವರ ಪ್ರಮಾಣ ಶೇ 10.6. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅದೇ ಪ್ರಮಾಣ ಇಲ್ಲಿಗೂ ಹಿಡಿದರೆ 60 ಲಕ್ಷ ಮೀರುತ್ತದೆ. ಎಣಿಸಲು ಹೋದರೆ ಅಷ್ಟು ಜನ ಸಿಗದಿರಬಹುದು, ಏಕೆಂದರೆ ಎಷ್ಟೋ ಮಕ್ಕಳನ್ನು ಅಕ್ಷರ ತಿದ್ದುವಾಗಲೇ ಬಲಗೈಗೆ ತಿದ್ದಿಬಿಟ್ಟಿದ್ದೇವೆ. ಅವರು ಕತ್ತರಿಗೆ ಹೊಂದಿಕೊಂಡರು, ಕಾಲೇಜಿನ ಬಲಹಿಡಿಯ ಕುರ್ಚಿಗೆ ಹೊಂದಿಕೊಂಡರು, ಈಗ ವಾಚಿಗೂ ಹೊಂದಿಕೊಳ್ಳುತ್ತಾರೆ ಎಂದು ತಯಾರಕರು ಭಾವಿಸಿದಂತಿದೆ. ಕತ್ತರಿಗೆ ಬೇರೆ ಅಚ್ಚು ಬೇಕು, ಕುರ್ಚಿಗೆ ಬೇರೆ ಮರಗೆಲಸ ಬೇಕು. ಸ್ಮಾರ್ಟ್‌ವಾಚಿಗೆ ಬೇಕಾದದ್ದು ಸ್ಕ್ರೀನನ್ನು ತಿರುಗಿಸುವ ಸಾಫ್ಟ್‌ವೇರ್. ಒಮ್ಮೆ ಬರೆದರೆ ಲಕ್ಷಾಂತರ ವಾಚುಗಳಿಗೆ ಅದೇ ಸಾಕು. ಇಷ್ಟಾಗಿಯೂ ಕಡಿಮೆ ಬೆಲೆಯ ಹಲವು ವಾಚುಗಳಲ್ಲಿ ಮಣಿಕಟ್ಟು ಯಾವುದೆಂದು ಹೇಳುವ ಸೌಲಭ್ಯವೂ ಇರುವುದಿಲ್ಲ. ಇದಕ್ಕೆ ಖರ್ಚಿನ ನೆಪ ಒಪ್ಪತಕ್ಕದ್ದಲ್ಲ.

ಮುಂದಿನ ಸಲ ವಾಚು ಕೊಳ್ಳುವಾಗ ಡಬ್ಬಿಯ ಮೇಲಿನ ಪಟ್ಟಿ ಓದುವುದರ ಜೊತೆಗೆ ಅಂಗಡಿಯವರನ್ನು ಮೂರು ಮಾತು ಕೇಳಿ: ಯಾವ ಮಣಿಕಟ್ಟು ಎಂದು ಇದಕ್ಕೆ ಹೇಳಬಹುದೇ, ಸ್ಕ್ರೀನ್ ತಿರುಗಿಸಬಹುದೇ, ಬೆಲ್ಟಿನ ತುಂಡುಗಳನ್ನು ಬದಲಿಸಬಹುದೇ. ಬಲಗೈಯವರೂ ಕೇಳಿ. ಕೇಳುವವರು ಹೆಚ್ಚಿದರೆ ಮಾತ್ರ ಮಾರುವವರು ಆ ಮಾತನ್ನು ಕಂಪನಿಗೆ ಮುಟ್ಟಿಸುತ್ತಾರೆ.